ವೈ ಒತ್ತಿದವಳು ನಾನೇ

ಕಂಪ್ಯೂಟರ್ ರಿಪೇರಿ ಕಲಿಯಲು ಹೊರಟ ಮಕ್ಕಳು ಆಗಾಗ ನನ್ನ ಹತ್ತಿರ ಬಂದು, "ಅಕ್ಕಾ, ಈ ಕೆಲಸದಲ್ಲಿ ಮುಖ್ಯವಾಗಿ ಏನು ಗೊತ್ತಿರಬೇಕು?" ಎಂದು ಕೇಳುತ್ತಾರೆ. ಮುಖ ಸಪ್ಪಗಿಟ್ಟುಕೊಂಡು ಸುಳ್ಳು ಹೇಳುವುದು ಗೊತ್ತಿರಬೇಕು ಎನ್ನುತ್ತೇನೆ. ಅವರು ನಗುತ್ತಾರೆ. ನಾನು ನಗಿಸಲಿಕ್ಕೆ ಹೇಳಿದ್ದಲ್ಲ. ಇಪ್ಪತ್ತೆಂಟು ವರ್ಷ ನಾನು ಬದುಕಿದ್ದೇ ಹಾಗೆ. ಅದು ಎಲ್ಲಿ ನಿಂತಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಗಿರಿಜಾ. ಊರು ಹಾಲ್ಕುರಿಕೆ. ತಿಪಟೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವೀಸ್ ಇಂಜಿನಿಯರ್ ಆಗಿದ್ದೆ. ಇಂಜಿನಿಯರ್ ಎಂಬುದು ವಿಸಿಟಿಂಗ್ ಕಾರ್ಡಿನಲ್ಲಿದ್ದ ಮಾತು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಬೋರ್ಡಿನ ಮೇಲಿನ ಸಣ್ಣ ಅಕ್ಷರ ಕನ್ನಡಕ ಹಾಕಿದರೂ ಕಾಣದಂತಾದ ಮೇಲೆ ಮನೆಗೆ ಬಂದೆ. ಬೀಳ್ಕೊಡುಗೆ ಸಮಾರಂಭದಲ್ಲಿ ನನಗೊಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಮೇಲೆ ನನಗೆ ಸಮಯವೇ ಬೇಕಿಲ್ಲ ಎನ್ನುವ ದಿನ ನೋಡಿ ಕೊಟ್ಟದ್ದು ಅವರ ಜಾಣತನ.

ಸೇರಿದ ಹೊಸದರಲ್ಲಿ ಗಿರಾಕಿಗಳು ಬಂದು ನನ್ನ ತಲೆಯ ಮೇಲಿಂದ ಒಳಗೆ ಇಣುಕುತ್ತಿದ್ದರು.

"ಮೆಕ್ಯಾನಿಕ್ ಇಲ್ವೇನಮ್ಮಾ?"

"ನಾನೇ."

"ಅದಲ್ಲಮ್ಮ, ರಿಪೇರಿ ಮಾಡೋರು?"

"ಅದೂ ನಾನೇ."

"ಹೋಗ್ಲಿ ಬುಡು, ಅವ್ರು ಊಟಕ್ಕೋಗವ್ರೇನೋ. ಕಾಯ್ತೀನಿ."

ಹಾಗೆಂದು ಬೆಂಚಿನ ಮೇಲೆ ಕೂತು, ನಾನು ಅವರ ಕಂಪ್ಯೂಟರನ್ನೇ ಬಿಚ್ಚಿ ಸರಿಮಾಡಿ ಕೊಟ್ಟ ಮೇಲೂ, "ಅವ್ರಿಗೆ ಒಂದ್ಸಲ ತೋರ್ಸಿದ್ರೆ ಚೆನ್ನಾಗಿತ್ತು" ಎಂದು ಹೇಳಿ ಹೋದವರಿದ್ದಾರೆ.

ನಮ್ಮ ಅಂಗಡಿಯ ಯಜಮಾನರು ನಂಜುಂಡಪ್ಪನವರು. ಅದಕ್ಕೆ ಮುಂಚೆ ಅವರದು ಕೊಬ್ಬರಿ ವ್ಯಾಪಾರ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಿಂದಲೇ ಹೇಳುತ್ತಿದ್ದರಂತೆ. ಆ ವಿದ್ಯೆಯನ್ನು ಅವರು ಕಂಪ್ಯೂಟರಿಗೂ ತಂದರು. ಯಾರಾದರೂ ಹಾರ್ಡ್ ಡಿಸ್ಕ್ ತಂದರೆ ಕಿವಿಗೆ ಹಿಡಿದು ಗಡಗಡ ಅಲ್ಲಾಡಿಸಿ, "ಒಳ್ಳೆ ಮಾಲು ಕಣ್ರೀ, ಇನ್ನೂ ಹತ್ತು ವರ್ಷ ಬರ್ತೈತೆ" ಎನ್ನುತ್ತಿದ್ದರು. ಅಲ್ಲಿಯವರೆಗೆ ಸರಿಯಿದ್ದ ಡಿಸ್ಕು ಅವರ ಪರೀಕ್ಷೆ ಮುಗಿದ ಮೇಲೆ ಸರಿಯಿರುತ್ತಿರಲಿಲ್ಲ. ಅದನ್ನು ಹೇಳುವ ಧೈರ್ಯ ನನಗೂ ಇರಲಿಲ್ಲ. ಮನುಷ್ಯ ಕೆಟ್ಟವರಲ್ಲ. ಕೆಲಸ ಗೊತ್ತಿಲ್ಲದ ಯಜಮಾನರು ಎರಡು ಥರ. ಒಬ್ಬರು ಗೊತ್ತಿಲ್ಲ ಎಂದು ಸುಮ್ಮನಿರುತ್ತಾರೆ. ನಮ್ಮವರು ಎರಡನೆಯ ಥರ.

ಈಗ ಬಯಾಸ್ ವಿಚಾರಕ್ಕೆ ಬರುತ್ತೇನೆ. ನನ್ನ ಮಾನ ಹೋಗಿದ್ದೂ ಉಳಿದಿದ್ದೂ ಅದರಿಂದಲೇ.

ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ ಒಂದು ಪುಟ್ಟ ಚಿಪ್ ಇರುತ್ತದೆ. ಅದರೊಳಗಿನ ಪ್ರೋಗ್ರಾಮೇ ಬಯಾಸ್. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಯಾರ್ಯಾರು ಇದ್ದಾರೆ ಎಂದು ತಲೆ ಎಣಿಸಿ, ಒಲೆ ಹಚ್ಚಿ, ಆಮೇಲೆ ಉಳಿದವರನ್ನು ಎಬ್ಬಿಸುವ ಹೆಂಗಸಿನ ಕೆಲಸ ಅದರದು. ಎಲ್ಲ ಸರಿಯಾಗಿ ನಡೆದರೆ ಅವಳೊಬ್ಬಳಿದ್ದಾಳೆಂದೇ ಯಾರಿಗೂ ನೆನಪಾಗುವುದಿಲ್ಲ. ಒಂದು ದಿನ ಅವಳು ಏಳದಿದ್ದರೆ ಮನೆಯೇ ಏಳುವುದಿಲ್ಲ. ಹಳೇ ಬೋರ್ಡಿಗೆ ಹೊಸ ಪ್ರೊಸೆಸರೋ ಹೊಸ ಡಿಸ್ಕೋ ತಂದು ಕೂರಿಸಿದಿರಿ ಅನ್ನಿ. ಮನೆಗೆ ಸೊಸೆ ಬಂದಿದ್ದಾಳೆ, ಅತ್ತೆಗೆ ಮಾತ್ರ ಯಾರೂ ಹೇಳಿಲ್ಲ ಎಂಬಂತಾಗುತ್ತದೆ. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪಗೆ ಕೂತಿರುತ್ತದೆ. ಆಗ ಬೋರ್ಡ್ ಮಾಡಿದ ಕಂಪನಿಯವರ ಹೊಸ ಬಯಾಸ್ ತಂದು ಚಿಪ್ಪಿನ ಮೇಲೆ ಬರೆಯಬೇಕು. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಆ ಎರಡು ಮೂರು ನಿಮಿಷ ಕರೆಂಟ್ ಹೋಗಬಾರದು. ನಮ್ಮ ಸೀಮೆಯಲ್ಲಿ ಕೂತು ಕರೆಂಟ್ ಹೋಗಬಾರದು ಎಂದು ಬರೆದವನು ಎಂಥ ಪುಣ್ಯವಂತ ದೇಶದವನೋ.

ನನ್ನ ಮೊದಲ ಬಯಾಸ್ ಅಪ್‌ಡೇಟ್ ಚಿಕ್ಕನಾಯಕನಹಳ್ಳಿಯಲ್ಲಿ. ಮದುವೆ ಕಾಗದ ಕಂಪೋಸ್ ಮಾಡುವವರ ಮನೆ. ಅವರು ದೊಡ್ಡ ಹಾರ್ಡ್ ಡಿಸ್ಕ್ ತಂದಿದ್ದರು. ಹಳೇ ಬಯಾಸ್ ಅದರ ಕಾಲು ಭಾಗವನ್ನು ಮಾತ್ರ ಗುರುತಿಸಿ, ಉಳಿದ ಮುಕ್ಕಾಲು ಇಲ್ಲವೇ ಇಲ್ಲ ಎನ್ನುತ್ತಿತ್ತು. ಫ್ಲಾಪಿ ಕಾಲ. ತಿಪಟೂರಿನಿಂದ ಒಂದು ಫ್ಲಾಪಿಯನ್ನು ಎಳೇ ಮಗುವಿನಂತೆ ಕರ್ಚೀಪಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗಿದ್ದೆ. ಯುಪಿಎಸ್ ಇದೆಯಾ ಎಂದು ಕೇಳಿದೆ. ಇದೆ ಎಂದರು. ಇತ್ತು ಕೂಡಾ. ಅದರ ಮೇಲೆ ಗಣಪತಿ ಫೋಟೊ, ಒಳಗೆ ಸತ್ತ ಬ್ಯಾಟರಿ.

ಅಪ್‌ಡೇಟ್ ಅರ್ಧ ಮುಗಿದಿತ್ತು. ಅಡುಗೆಮನೆಯಿಂದ ಆ ಮನೆಯೊಡತಿ, "ಪಾಪ, ಅಷ್ಟು ದೂರದಿಂದ ಬಂದವ್ಳೆ, ಚಟ್ನಿ ರುಬ್ಬಿ ಎರಡು ದೋಸೆ ಹುಯ್ತೀನಿ" ಎಂದು ಮಿಕ್ಸಿ ಹಾಕಿದರು. ಹಳೇ ವೈರಿಂಗು. ಫ್ಯೂಸ್ ಟಪ್ ಎಂದಿತು. ನನ್ನ ಮೇಲಿನ ಕರುಣೆಯಿಂದಲೇ ನನ್ನ ಮೊದಲ ಬೋರ್ಡ್ ಸತ್ತಿತು.

"ಏನಾಯ್ತಮ್ಮಾ?" ಎಂದರು ಆ ಮನೆಯ ಯಜಮಾನರು.

ನಾನು ಹೊಸಬಳು. ಬ್ಯಾಟರಿ ಪರೀಕ್ಷೆ ಮಾಡದೆ ಶುರುಮಾಡಿದ್ದು ನನ್ನ ತಪ್ಪು ಎನ್ನಬೇಕಿತ್ತು. "ವೈರಸ್ ಬಂದೈತೆ" ಎಂದೆ.

"ಅಯ್ಯೋ ಶಿವ್ನೇ" ಎಂದು ಅವರು ಕೈಮುಗಿದರು. ವೈರಸ್ ಎಂದರೆ ಆಗ ಸಿಡುಬು ಬಂದಷ್ಟೇ ಗೌರವ. ಚಿಪ್ ಕಿತ್ತು, ಬೆಂಗಳೂರಿನ ಒಂದು ಅಂಗಡಿಗೆ ಕೊಟ್ಟು ಬರೆಸಿಕೊಂಡು ಬರುವ ತನಕ ಒಂದು ವಾರ ಚಿಕ್ಕನಾಯಕನಹಳ್ಳಿಯ ಮದುವೆ ಕಾಗದಗಳು ನಿಂತವು. ನಂಜುಂಡಪ್ಪನವರಿಗೆ ನಿಜ ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ ಅವರು ಹಿಗ್ಗಿಹೋದರು.

"ವೈರಸ್ ಅಂದ್ಯಾ? ನೀನು ಇವತ್ತು ಇಂಜಿನಿಯರ್ ಆದೆ ಕಣಮ್ಮ."

ಅಂದಿನಿಂದ ನಾನು ಸರಾಗವಾಗಿ ಇಂಜಿನಿಯರ್ ಆಗಿಯೇ ಉಳಿದೆ.

ಕಾಲ ಹೋದಂತೆ ಕೆಲಸ ಸುಲಭವಾಯಿತು. ಫ್ಲಾಪಿ ಹೋಗಿ ಸಿಡಿ ಬಂತು, ಸಿಡಿ ಹೋಗಿ ಪೆನ್ ಡ್ರೈವ್ ಬಂತು. ಈಗಿನ ಕೆಲವು ಬೋರ್ಡುಗಳಿಗೆ ಪೆನ್ ಡ್ರೈವ್ ಚುಚ್ಚಿ ಹಿಂದಿನ ಗುಂಡಿ ಒತ್ತಿದರೆ ಸಾಕು, ಪ್ರೊಸೆಸರ್ ಇಲ್ಲದೆಯೂ ತಾನೇ ಬರೆದುಕೊಳ್ಳುತ್ತದೆ. ಕೆಲಸ ಸುಲಭವಾದಷ್ಟೂ ತಪ್ಪು ಮಾಡುವುದೂ ಸುಲಭವಾಯಿತು. ಒಂದೇ ಹೆಸರಿನ ಬೋರ್ಡಿನಲ್ಲಿ ಎರಡು ಮೂರು ಆವೃತ್ತಿ ಇರುತ್ತವೆ, ಮೂಲೆಯಲ್ಲಿ ಇರುವೆ ಕಾಲಿನಷ್ಟು ಅಕ್ಷರದಲ್ಲಿ ಅದರ ನಂಬರ್ ಬರೆದಿರುತ್ತಾರೆ. ಬೋರನಕಣಿವೆ ಕಡೆಯ ಒಬ್ಬ ಮೇಷ್ಟ್ರ ಕಂಪ್ಯೂಟರಿಗೆ ಆ ನಂಬರ್ ನೋಡದೆ ಬೇರೆ ಆವೃತ್ತಿಯ ಬಯಾಸ್ ಹಾಕಿದ್ದೆ. ಒಂದೇ ಊರಿನ ಇಬ್ಬರು ಶಿವಣ್ಣಂದಿರಲ್ಲಿ ಒಬ್ಬನ ಕಾಗದ ಇನ್ನೊಬ್ಬನಿಗೆ ಹೋದಂತಾಯಿತು. ಯಂತ್ರ ಎದ್ದಿತು, ಆದರೆ ಇಂಟರ್ನೆಟ್ ತಂತಿ ಚುಚ್ಚುವ ಜಾಗ ಸತ್ತೇಹೋಯಿತು. ಮೇಷ್ಟ್ರಿಗೂ ವೈರಸ್ ಎಂದೆ. ಅವರು ಕನ್ನಡಕ ತೆಗೆದು, "ಇಂಟರ್ನೆಟ್ಟೇ ಇಲ್ವಲ್ಲಮ್ಮ, ವೈರಸ್ ಬಂದಿದ್ದು ನಡ್ಕೊಂಡಾ?" ಎಂದು ಕೇಳಿದರು. ನಾನು ಅಪ್ಪಟ ಇಂಜಿನಿಯರ್ ಮುಖ ಮಾಡಿಕೊಂಡು, ಸರಿಯಾದ ಫೈಲ್ ಹಾಕಿ, ಎದ್ದು ಬಂದೆ.

ಇನ್ನು ಕೊನೆಯದು. ನಾನು ಮನೆಗೆ ಬರುವುದಕ್ಕೆ ಒಂದು ವರ್ಷ ಮುಂಚಿನದು. ತುರುವೇಕೆರೆಯದು.

ಅಲ್ಲಿ ಸೋಮಣ್ಣ ಎಂಬುವವರದು ಒಂದು ಫೋಟೊ ಸ್ಟುಡಿಯೊ. ಸುತ್ತಲ ಹಳ್ಳಿಗಳಲ್ಲಿ ಮದುವೆಯೆಂದರೆ ಸೋಮಣ್ಣನೇ ಬರಬೇಕು. ಮೊದಲು ಅವರ ತಮ್ಮ ಮಹೇಶನೂ ಜೊತೆಗಿದ್ದ. ಕಂಪ್ಯೂಟರ್ ಕೆಲಸವೆಲ್ಲ ಅವನದೇ. ಅದಕ್ಕೆ ನಾಲ್ಕು ವರ್ಷ ಮುಂಚೆ ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಮಹೇಶನ ವಿಡಿಯೊ ಕ್ಯಾಮೆರಾದ ಬ್ಯಾಟರಿ ಮುಗಿಯಿತು. ಸೋಮಣ್ಣ ಮಂಟಪದಲ್ಲೇ, ಇಡೀ ಚಪ್ಪರದ ಎದುರು, "ನಿನ್ನ ನನ್ನ ತಮ್ಮ ಅಂತ ಹೇಳ್ಕೊಳ್ಳಾಕೆ ನಾಚ್ಕೆ ಆಯ್ತದೆ ಕಣ್ಲಾ" ಎಂದರು. ಮಹೇಶ ಕ್ಯಾಮೆರಾ ಕೆಳಗಿಟ್ಟು ಹೋದವನು ಮತ್ತೆ ಬರಲಿಲ್ಲ. ಬಹಳ ದೂರವೂ ಹೋಗಲಿಲ್ಲ. ಅದೇ ರಸ್ತೆಯಲ್ಲಿ, ಎದುರುಗಡೆ, ತನ್ನದೇ ಸ್ಟುಡಿಯೊ ತೆಗೆದ. ದಿನಾ ಬೆಳಗ್ಗೆ ಅಣ್ಣ ತಮ್ಮ ಇಬ್ಬರೂ ಎದುರುಬದುರು ಷಟರ್ ಎತ್ತಿ, ಎದುರುಬದುರು ಊದುಬತ್ತಿ ಹಚ್ಚಿ, ಸಂಜೆತನಕ ಒಬ್ಬರಿಗೊಬ್ಬರು ಕಾಣಿಸುವುದೇ ಇಲ್ಲವೆಂಬಂತೆ ಕೂರುತ್ತಿದ್ದರು. ಇಷ್ಟು ಶಿಸ್ತಿನ ಜಗಳ ನಾನು ಬೇರೆಲ್ಲೂ ನೋಡಿಲ್ಲ.

ಸೋಮಣ್ಣ ವಿಡಿಯೊ ಎಡಿಟಿಂಗಿಗೆ ಬೇಗ ಆಗಲೆಂದು ಹೊಸ ಪ್ರೊಸೆಸರ್ ತರಿಸಿ, ತಾವೇ ಕೂರಿಸಿ, ಕಪ್ಪು ಪರದೆ ನೋಡಿ ಗಾಬರಿಯಾಗಿ ನಮ್ಮ ಅಂಗಡಿಗೆ ಫೋನ್ ಮಾಡಿದರು. ನಂಜುಂಡಪ್ಪನವರು, "ಗಿರಿಜಮ್ಮ ಬತ್ತಾಳೆ, ಅರ್ಧ ಗಂಟೆ ಕೆಲ್ಸ" ಎಂದು ತಿಪಟೂರಿನಲ್ಲಿ ಕೂತೇ ರೋಗ ನಿರ್ಣಯ ಮಾಡಿ ನನ್ನನ್ನು ಬಸ್ಸು ಹತ್ತಿಸಿದರು.

ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡಿದೆ. ಹಳೇ ಪ್ರೊಸೆಸರನ್ನು ಮತ್ತೆ ಕೂರಿಸಿದೆ. ಬೋರ್ಡಿನ ಮೂಲೆಯ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದೆ. ಯುಪಿಎಸ್ ತಂತಿ ಕಿತ್ತು ಬ್ಯಾಟರಿ ನಿಲ್ಲುತ್ತದೆಯೇ ಎಂದು ನೋಡಿದೆ. ಹೊಸ ಬಯಾಸ್ ಬರೆದೆ. ಹೂವೆತ್ತಿದ ಹಾಗೆ ಆಯಿತು. ಆಮೇಲೆ ಹೊಸ ಪ್ರೊಸೆಸರ್ ಕೂರಿಸಿ ಗುಂಡಿ ಒತ್ತಿದೆ. ಪರದೆ ಬೆಳಗಿತು. ಕಪ್ಪು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕೈದು ಸಾಲು. ಮೊದಲ ಸಾಲು: ಹೊಸ ಪ್ರೊಸೆಸರ್ ಬಂದಿದೆ. ಕೊನೆಯ ಸಾಲು: ವೈ ಒತ್ತಿ ಅಥವಾ ಎನ್ ಒತ್ತಿ.

ಅಷ್ಟರಲ್ಲಿ ನಂಜುಂಡಪ್ಪನವರ ಫೋನು. "ಆಯ್ತೇನಮ್ಮಾ? ಇಲ್ಲಿ ಇನ್ನಿಬ್ರು ಕಾಯ್ತಾವ್ರೆ." "ಆಯ್ತು ಸಾರ್" ಎನ್ನುತ್ತಲೇ, ಭುಜಕ್ಕೂ ಕಿವಿಗೂ ಮಧ್ಯೆ ಫೋನ್ ಹಿಡಿದು, ವೈ ಒತ್ತಿದೆ. ನಡುವಿನ ಸಾಲುಗಳನ್ನು ಓದಲಿಲ್ಲ. ಅಲ್ಲಿ ಬರೆದಿದ್ದದ್ದು ಇಷ್ಟು: ವೈ ಒತ್ತಿದರೆ ಕೀಲಿಯನ್ನು ಬಚ್ಚಿಟ್ಟುಕೊಳ್ಳುವ ಬೋರ್ಡಿನೊಳಗಿನ ಭದ್ರತೆಯ ಗೂಡು ಅಳಿಸಿಹೋಗುತ್ತದೆ, ಡಿಸ್ಕಿಗೆ ಬೀಗ ಹಾಕಿದ್ದರೆ ಅದರ ಕೀಲಿ ಸಂಖ್ಯೆ ಇಲ್ಲದೆ ತೆರೆಯುವುದಿಲ್ಲ.

ಡಿಸ್ಕಿಗೆ ಬೀಗ ಇತ್ತು. ಪರದೆ ನೀಲಿಯಾಗಿ, ನಲವತ್ತೆಂಟು ಅಂಕಿಯ ಕೀಲಿ ಸಂಖ್ಯೆ ಕೊಡಿ ಎಂದು ಕೇಳಿತು. ಹಳೇ ಪ್ರೊಸೆಸರನ್ನು ಮತ್ತೆ ಹಾಕಿದೆ. ಅದೇ ನೀಲಿ, ಅದೇ ಪ್ರಶ್ನೆ. ಅಳಿಸಿದ್ದು ಅಳಿಸಿಹೋಗಿತ್ತು.

"ಏನದು ಗಿರಿಜಕ್ಕಾ?" ಸೋಮಣ್ಣ ಹಿಂದೆ ನಿಂತಿದ್ದರು.

"ಡಿಸ್ಕಿಗೆ ಯಾರೋ ಬೀಗ ಹಾಕವ್ರೆ. ನಂಬರ್ ಬೇಕಂತೆ."

"ನಾನ್ಯಾವ ಬೀಗ ಹಾಕ್ದೆ?" ಎನ್ನುತ್ತಾ ಅವರು ಪರದೆಗೆ ಬಗ್ಗಿದರು. ಕೀಲಿ ಯಾರ ಖಾತೆಯಲ್ಲಿದೆ ಎಂಬ ಸುಳಿವು ಕೆಳಗಿತ್ತು. ಮೊದಲ ಮೂರು ಅಕ್ಷರ, ಆಮೇಲೆ ಬರೀ ಚುಕ್ಕಿ. ಮೂರಕ್ಷರ ಸಾಕಾಯಿತು. ಮಹೇಶ.

ಸೋಮಣ್ಣನ ಮುಖ ಕೆಂಪಾಯಿತು. "ನೋಡಿದ್ರಾ! ಹೋಗೋವಾಗ ಬೀಗ ಜಡಿದು ಹೋಗವ್ನೆ, ಬೋಳಿಮಗ! ನಾಲ್ಕು ವರ್ಷ ಕಾದು ಇವತ್ತು ಕೈ ಕೊಟ್ಟ!" ಬಾಗಿಲಿಗೆ ಹೋಗಿ, ರಸ್ತೆಗೆಲ್ಲ ಕೇಳುವ ಹಾಗೆ ಇನ್ನೂ ಏನೇನೋ ಅಂದರು. ಎದುರಿನ ಅಂಗಡಿಯಲ್ಲಿ ಮಹೇಶ ತಲೆ ಎತ್ತಲಿಲ್ಲ.

ನಾನು ಸುಮ್ಮನಿದ್ದೆ. ಬೀಗ ಹಾಕಿದ್ದವನು ಅವನೇ ಇರಬಹುದು, ಆದರೆ ನಾಲ್ಕು ವರ್ಷ ತಾನಾಗಿಯೇ ತೆರೆಯುತ್ತಿದ್ದ ಬೀಗವನ್ನು ಮುಚ್ಚಿದ್ದು ನನ್ನ ಬೆರಳು. ಅದು ನನಗೆ ಗೊತ್ತಿತ್ತು. ಮೂಲೆಗೆ ಹೋಗಿ ನಂಜುಂಡಪ್ಪನವರಿಗೆ ಫೋನ್ ಮಾಡಿದೆ. ಅವರು ಎಂದಿನಂತೆ, "ವೈರಸ್ ಅನ್ನು" ಎಂದರು. ಬೇಡ ಸಾರ್, ಇಲ್ಲಿ ಆಗಲೇ ತಮ್ಮನ ಮೇಲೆ ಹೋಗಿದೆ ಎಂದೆ. "ಇನ್ನೂ ಒಳ್ಳೇದಾಯ್ತಲ್ಲ!" ಎಂದರು.

ಡಿಸ್ಕಿನಲ್ಲಿ ಏಳು ಮದುವೆ ಇದ್ದವು. ಒಂದನ್ನೂ ಇನ್ನೂ ಕೊಟ್ಟಿರಲಿಲ್ಲ. ನಕಲು ಬೇರೆಲ್ಲಾದರೂ ಇದೆಯಾ ಎಂದರೆ ಸೋಮಣ್ಣ ಒಂದು ಹಳೇ ಡಿಸ್ಕ್ ತೆಗೆದು ತೋರಿಸಿದರು. ಅದರಲ್ಲಿದ್ದದ್ದು ಎರಡು ವರ್ಷದ ಹಿಂದಿನ ಮದುವೆಗಳು, ಆ ಜೋಡಿಗಳ ಮಕ್ಕಳೇ ಈಗ ನಡೆಯುತ್ತಿದ್ದವು. ಈ ಏಳು ಮನೆಯವರಿಗೆ ಇನ್ನೊಂದು ಸಲ ಮದುವೆಯಾಗಿ ಎಂದು ಹೇಳಲಾಗುತ್ತದೆಯೇ?

ನಾವು ಹೀಗೆ ನಿಂತಿದ್ದಾಗಲೇ ದಂಡಿನಶಿವರದಿಂದ ಗಂಗಮ್ಮ ಬಂದರು. ಅರವತ್ತರ ಹತ್ತಿರದ ಹೆಂಗಸು. ಆ ಏಳರಲ್ಲಿ ಒಂದು ಅವರ ಮಗಳ ಮದುವೆ. ಗಂಗಮ್ಮನ ಅಪ್ಪ ತುಂಬ ವಯಸ್ಸಾದವರು, ಮೊಮ್ಮಗಳ ಮದುವೆ ನೋಡಿದ ಕೆಲವೇ ದಿನಕ್ಕೆ ತೀರಿಕೊಂಡಿದ್ದರು. ನಾಳಿದ್ದು ಅವರ ತಿಥಿಯ ಶಿವಗಣಾರಾಧನೆ. ಅಜ್ಜ ಮಾತಾಡಿದ ವಿಡಿಯೊ ಎಂದರೆ ಆ ಮದುವೆಯದೊಂದೇ.

"ಸೋಮಣ್ಣಾ, ನಮ್ಮಪ್ಪಂದು ಆಯ್ತೇನಪ್ಪಾ?" ಎನ್ನುತ್ತಾ ಸ್ಟೂಲಿನ ಮೇಲೆ ಕೂತು, ಸೆರಗಿನ ಗಂಟಿನಿಂದ ಪೆನ್ ಡ್ರೈವ್ ಬಿಚ್ಚಿದರು.

ಸೋಮಣ್ಣ ನನ್ನ ಮುಖ ನೋಡಿದರು. ನಾನು ಎದ್ದು ರಸ್ತೆ ದಾಟಿದೆ.

ಆ ರಸ್ತೆ ಮೂವತ್ತು ಹೆಜ್ಜೆ ಇರಬಹುದು. ಮಹೇಶ ಯಾರದೋ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದ. ವಿಷಯ ಹೇಳಿದೆ. ಕತ್ತರಿ ಕೆಳಗಿಟ್ಟು ಕೇಳಿದ:

"ಬೀಗ ಹಾಕಿದ್ದು ನಾನೇ ಗಿರಿಜಕ್ಕಾ. ಹೆಣ್ಮಕ್ಕಳ ಫೋಟೊ ಇರ್ತವೆ, ಕಂಪ್ಯೂಟರ್ ಕಳುವಾದ್ರೆ ಯಾರ ಕೈಗೂ ಸಿಕ್ಕಬಾರ್ದು ಅಂತ. ಆದ್ರೆ ಅದು ತಾನಾಗೇ ತೆಗೀತದಲ್ಲಾ. ಇವತ್ಯಾಕೆ ಕೇಳ್ತು? ಬಯಾಸ್ ಮುಟ್ಟಿದ್ರಾ?"

"ಹೂಂ."

"ಪ್ರೊಸೆಸರ್ ಹಾಕಿದ್ ಮೇಲೆ ವೈ, ಎನ್ ಅಂತ ಕೇಳಿರ್ಬೇಕು."

"ಕೇಳ್ತು."

"ವೈ ಒತ್ತಿದ್ರಾ?"

ಇಪ್ಪತ್ತೆಂಟು ವರ್ಷದಲ್ಲಿ ನನ್ನನ್ನು ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಒತ್ತಿದೆ ಎಂದೆ.

"ಅವ್ನಿಗೆ ಹೇಳಿದ್ರಾ?"

ನಾನು ಮೇಜಿನ ಮೇಲಿದ್ದ ಕತ್ತರಿ ನೋಡಿದೆ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. "ಅವ್ನು ಬಾಗಿಲಲ್ಲಿ ನಿಂತು ಅಂದಿದ್ದೆಲ್ಲ ಈ ಬೀದಿ ಕೇಳೈತೆ. ನನ್ ಹೆಂಡ್ತಿ ಒಳಗಿದ್ಲು, ಅವ್ಳೂ ಕೇಳವ್ಳೆ. ಹೋಗಿ ಹೇಳಿ ಗಿರಿಜಕ್ಕಾ. ಆಮೇಲೆ ಕೀಲಿ. ನಾನೇನು ಎಲ್ಲೂ ಹೋಗಲ್ಲ" ಎಂದು ಮತ್ತೆ ಕತ್ತರಿ ಎತ್ತಿಕೊಂಡ.

ಬರುವಾಗ ಮೂವತ್ತು ಹೆಜ್ಜೆ ಇದ್ದ ರಸ್ತೆ ಹೋಗುವಾಗ ಎಷ್ಟಾಯಿತೋ ಎಣಿಸಲಿಲ್ಲ. ತೆಂಗಿನ ಮಟ್ಟೆ ತುಂಬಿದ ಒಂದು ಲಾರಿ ಹಾದುಹೋಗುವ ತನಕ ನಿಂತೆ. ಅದು ಹೋದ ಮೇಲೂ ನಿಂತೆ. ಫೋನ್ ಬಡಿದುಕೊಂಡಿತು, ನಂಜುಂಡಪ್ಪನವರು. ಎತ್ತಲಿಲ್ಲ. ನಾನು ವಿದ್ಯೆ ಕಲಿತವಳು, ತಪ್ಪು ಎಲ್ಲರಿಂದಲೂ ಆಗುತ್ತದೆ, ಈಗ ಹೇಳಿದರೆ ಅಂಗಡಿಯ ಹೆಸರು ಹೋಗುತ್ತದೆ ಎಂದು ಒಳಗೆ ಏನೇನೋ ಲೆಕ್ಕ ಓಡಿತು. ಅಂಗಡಿಯ ಹೆಸರಿನ ಬಗ್ಗೆ ನನಗೆ ಅಷ್ಟು ಅಭಿಮಾನ ಇತ್ತೆಂದು ಆವತ್ತೇ ಗೊತ್ತಾಗಿದ್ದು.

ಒಳಗೆ ಹೋಗಿ, ಗಂಗಮ್ಮನ ಎದುರೇ ಹೇಳಿದೆ.

"ಸೋಮಣ್ಣಾ, ನಿಮ್ ತಮ್ಮಂದು ತಪ್ಪಿಲ್ಲ. ಅವ್ನು ಹಾಕಿದ್ದು ಕಳ್ಳರಿಗೆ ಬೀಗ. ನಾಲ್ಕು ವರ್ಷ ತಾನಾಗೇ ತೆಗೀತಿತ್ತು. ಇವತ್ತು ಪರದೇಲಿ ಬಂದಿದ್ದ ಓದ್ದೆ ವೈ ಒತ್ತಿದ್ದು ನಾನು. ನೀವು ಅವ್ನನ್ನ ಬೈಯೋವಾಗ ಸುಮ್ನೆ ನಿಂತಿದ್ದೂ ನಾನೇ."

ಸೋಮಣ್ಣ ನನ್ನನ್ನು ಬೈಯುವುದಕ್ಕೆ ಬಾಯಿ ತೆರೆದರು, ಮುಚ್ಚಿದರು. ಬೈಯುವುದನ್ನೆಲ್ಲ ಆಗಲೇ ತಪ್ಪು ವಿಳಾಸಕ್ಕೆ ಕಳಿಸಿ ಆಗಿತ್ತು. ಆಮೇಲೆ, "ನಾನು ಏನೇನ್ ಅಂದೆ ಗಿರಿಜಕ್ಕಾ?" ಎಂದರು. ನೆನಪಿದ್ದೂ ಕೇಳುವವರ ದನಿ ಅದು.

"ಹೋಗಿ ಕೇಳಿ ಸೋಮಣ್ಣಾ. ಕೊಡ್ತಾನೆ."

"ನನ್ ಕೈಲಾಗಲ್ಲ." ಸಿಟ್ಟಿನಿಂದ ಹೇಳಿದ್ದಲ್ಲ. ಕಾಲು ಏಳಲಿಲ್ಲ, ಅಷ್ಟೆ.

ಬೀಗ, ಬಯಾಸ್, ವೈ ಇವೇನೂ ಗಂಗಮ್ಮನಿಗೆ ಅರ್ಥವಾಗಿರಲಿಲ್ಲ. ಅರ್ಥವಾಗಬೇಕಾದ್ದು ಮಾತ್ರ ಆಗಿತ್ತು. ಅವರು ಎದ್ದು, ಬಾಗಿಲಿಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು ಕೂಗಿದರು:

"ಏ ಮಹೇಶಪ್ಪಾ! ನಮ್ಮಪ್ಪ ನಿನ್ ಕೈಲಿ ಸಿಕ್ಕಂಡವ್ನಂತೆ! ಬಂದು ಬುಡ್ಸಪ್ಪಾ, ನಾಳಿದ್ದು ಕಾರ್ಯ ಐತೆ!"

ಬೀದಿಯ ಜನ ತಿರುಗಿದರು. ಮಹೇಶ ಮೊಬೈಲ್ ತೆಗೆದುಕೊಂಡು ಎದ್ದ. ಚಪ್ಪಲಿ ಮೆಟ್ಟಿಕೊಂಡ. ರಸ್ತೆ ದಾಟಿ, ಹೊಸಲಿನ ಹತ್ತಿರ ಒಂದು ಕ್ಷಣ ನಿಂತ. ಸೋಮಣ್ಣ ಕುರ್ಚಿಯಿಂದ ಏಳಲೋ ಬೇಡವೋ ಎಂದು ಅರ್ಧ ಎದ್ದು, ಅರ್ಧ ಕೂತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಹೇಶ ಪರದೆಯ ಮೇಲಿದ್ದ ಗುರುತನ್ನು ತನ್ನ ಖಾತೆಯಲ್ಲಿದ್ದ ಗುರುತಿನೊಂದಿಗೆ ಹೋಲಿಸಿ, ಸರಿಯಾದ ಸಂಖ್ಯೆ ಹುಡುಕಿ, ಗೋಡೆಗೆ ಹೇಳುವವನಂತೆ ಓದತೊಡಗಿದ. ಸೋಮಣ್ಣ ಟೈಪ್ ಮಾಡತೊಡಗಿದರು.

"ನಾಲ್ಕು. ಒಂದು. ಏಳು. ಸೊನ್ನೆ. ಎರಡು. ಐದು."

ಆರು ಆರು ಅಂಕಿಯ ಎಂಟು ಕಂತು. ಅಣ್ಣ ತಮ್ಮಂದಿರು ನಾಲ್ಕು ವರ್ಷದಲ್ಲಿ ಆಡಿದ ಮೊದಲ ಮಾತುಕತೆ. ನಾಲ್ಕನೇ ಕಂತಿನಲ್ಲಿ ಯಂತ್ರ ತಪ್ಪು ಎಂದಿತು.

"ಐದು ಅಂದ್ಯಲ್ಲ?" ಸೋಮಣ್ಣ ಪರದೆಗೆ ಕೇಳಿದರು.

"ಆರು ಕಣಣ್ಣ."

ಅಂದುಬಿಟ್ಟ ಮೇಲೆ ಮಹೇಶನಿಗೆ ಗೊತ್ತಾಯಿತು. ಸೋಮಣ್ಣನ ಬೆರಳು ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಅಲ್ಲಿದ್ದ ನಾನು, ಗಂಗಮ್ಮ ಇಬ್ಬರೂ ಬೇರೆ ಕಡೆ ನೋಡಿದೆವು.

"ಆರು" ಎಂದು ಮಹೇಶ ಇನ್ನೊಮ್ಮೆ, ಈ ಸಲ ಬಾಲವಿಲ್ಲದೆ, ಹೇಳಿದ.

"ಆರು" ಎಂದು ಸೋಮಣ್ಣ ಒತ್ತಿದರು.

ನಲವತ್ತೆಂಟನೆಯದೂ ಮುಗಿಯಿತು. ಬೀಗ ತೆರೆಯಿತು. ಮೊದಲು ಗಂಗಮ್ಮನ ಅಪ್ಪನನ್ನೇ ತೆಗೆದೆವು. ತಲೆಗೆ ರುಮಾಲು ಸುತ್ತಿ ಕುರ್ಚಿಯಲ್ಲಿ ಕೂತ ಅಜ್ಜ. ಯಾರೋ, "ಮೊಮ್ಮಗಳಿಗೆ ಏನಾರ ಹೇಳಿ ಅಜ್ಜಾ" ಎನ್ನುತ್ತಾರೆ. ಅಜ್ಜ ಕ್ಯಾಮೆರಾವನ್ನು ದಿಟ್ಟಿಸಿ, "ಇದು ನಡೀತೈತೇನ್ಲಾ? ನಡೀದಿದ್ರೆ ನಾನ್ಯಾಕೆ ಸುಮ್ನೆ ಬಾಯಿ ನೋಯಿಸ್ಕಳ್ಳಿ?" ಎನ್ನುತ್ತಾರೆ. ಆಶೀರ್ವಾದ, ಸಂದೇಶ ಎಲ್ಲ ಅಷ್ಟೆ. ಗಂಗಮ್ಮ ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಮ್ಮಪ್ಪನೇ ಕಣ್ರಪ್ಪಾ. ಇನ್ನೊಂದ್ಸಲ ಹಾಕಿ."

ಮಹೇಶ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೋಗುವಾಗ ಬಿಚ್ಚಿದ ಕ್ಯಾಬಿನೆಟ್ಟಿನೊಳಗೆ ಬಗ್ಗಿ ನೋಡಿ, "ಫ್ಯಾನಿಗೆಲ್ಲ ಧೂಳು ಹಿಡಿದೈತೆ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ರಸ್ತೆ ದಾಟಿದ. ಅವರಿಬ್ಬರೂ ತಬ್ಬಿಕೊಂಡು ಅತ್ತರು ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಎರಡು ಅಂಗಡಿಗಳೂ ಈಗಲೂ ಎದುರುಬದುರೇ ಇವೆ.

ನಂಜುಂಡಪ್ಪನವರಿಗೆ ನಡೆದದ್ದನ್ನು ಹೇಳಿದಾಗ ಅವರಿಗೆ ಬಹಳ ಬೇಜಾರಾಯಿತು. "ಅಷ್ಟು ಚೆನ್ನಾಗಿ ತಮ್ಮನ ಮೇಲೆ ಹೋಗಿತ್ತಲ್ಲಮ್ಮಾ" ಎಂದರು. ನಾನು ಅವರಿಗೆ, ಸಾರ್, ಇನ್ನು ಮೇಲೆ ನಾನು ವೈರಸ್ ಅನ್ನುವುದಿಲ್ಲ ಎಂದೆ. ಹಾಗಾದರೆ ಏನನ್ನುತ್ತೀಯ ಎಂದು ನಿಜವಾಗಿಯೂ ಅರ್ಥವಾಗದೆ ಕೇಳಿದರು. ಉಳಿದ ಒಂದು ವರ್ಷದಲ್ಲಿ ಮೂರು ತಪ್ಪು ಮಾಡಿದೆ, ಮೂರನ್ನೂ ಒಪ್ಪಿಕೊಂಡೆ. ಒಬ್ಬ ಗಿರಾಕಿ ಬೈದ. ಒಬ್ಬ ಕಾಫಿ ಕೊಟ್ಟ. ಮೂರನೆಯವನು, "ನಿಜ ಹೇಳಿ, ವೈರಸ್ ಅಲ್ವಾ?" ಎಂದು ಅನುಮಾನಪಟ್ಟ.

ಈ ಕೆಲಸಕ್ಕೆ ಬರುವ ಮಕ್ಕಳೇ, ಬಯಾಸ್ ಮುಟ್ಟುವ ಮುಂಚೆ ಡಿಸ್ಕಿಗೆ ಬೀಗ ಇದೆಯೇ ನೋಡಿ. ಇದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಕೀಲಿ ಸಂಖ್ಯೆಯನ್ನು ಗಿರಾಕಿಯಿಂದಲೇ ಒಂದು ಕಾಗದದಲ್ಲಿ ಬರೆಸಿಡಿ. ಪರದೆಯ ಮೇಲೆ ಐದು ಸಾಲು ಬಂದರೆ ಐದನ್ನೂ ಓದಿ. ಇಷ್ಟನ್ನು ನನಗೆ ಯಾರೂ ಹೇಳಿರಲಿಲ್ಲ ಎನ್ನಬಹುದಿತ್ತು. ಯಂತ್ರವೇ ಹೇಳಿತ್ತು.

ಮನೆಗೆ ಬರುವ ಮುಂಚೆ ಕೊನೆಯ ಸಲ ತುರುವೇಕೆರೆಗೆ ಹೋದಾಗ ಸೋಮಣ್ಣನ ಸ್ಟುಡಿಯೊಗೆ ಹೊಕ್ಕೆ. ಗೋಡೆಯ ಮೇಲೆ, ದೇವರ ಫೋಟೊಗಳ ಸಾಲಿನಲ್ಲಿ, ಕಟ್ಟು ಹಾಕಿಸಿದ ಒಂದು ಹೊಸ ಚೌಕಟ್ಟು. ಒಳಗೆ ಎಂಟು ಕಂತಿನ ನಲವತ್ತೆಂಟು ಅಂಕಿ, ಕೈಬರಹದಲ್ಲಿ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗಾಯ್ತಲ್ಲ ಸೋಮಣ್ಣಾ, ತೆಗೆದು ಒಳಗಿಡಿ ಎಂದೆ. ಅವರು ಕೇಳಿಸದವರಂತೆ ಕ್ಯಾಮೆರಾ ಒರೆಸುತ್ತಿದ್ದರು.

ಆಧಾರ್ ಕೆಲಸಕ್ಕೋ ಏನೋ ಫೋಟೊ ತೆಗೆಸಲು ಬಂದಿದ್ದ ಒಬ್ಬ ಮುದುಕಿ ಸಾಲಾಗಿ ಎಲ್ಲ ದೇವರಿಗೂ ಕೈಮುಗಿಯುತ್ತಾ ಬಂದು, ಆ ಅಂಕಿಗಳಿಗೂ ಭಕ್ತಿಯಿಂದ ಕೈಮುಗಿದು, ಕಣ್ಣಿಗೊತ್ತಿಕೊಂಡು ಕೇಳಿದಳು:

"ಇದ್ಯಾವ ದೇವ್ರ ಯಂತ್ರ ಕಣಪ್ಪಾ?"

ಸೋಮಣ್ಣ ಒರೆಸುವುದನ್ನು ನಿಲ್ಲಿಸಿ, ಬಾಗಿಲಾಚೆ ರಸ್ತೆಯ ಕಡೆ ನೋಡಿದರು.

"ನಮ್ ತಮ್ಮ ಬರ್ಕೊಟ್ಟಿದ್ದು ಕಣಮ್ಮ" ಎಂದರು.